ಆಮೆಗೆ ತೋಟ ಹಾಕಿದ್ದು

ನನ್ನ ಕೈಯಲ್ಲಿ ಗಿಡ ಬದುಕುವುದಿಲ್ಲ. ಘಾಟ್ಕೋಪರಿನ ನಮ್ಮ ಬಾಲ್ಕನಿಯಲ್ಲಿ ನಾನು ನೆಟ್ಟ ಮಲ್ಲಿಗೆ, ಕರಿಬೇವು, ಕಡೆಗೆ ಒಂದು ಪುದೀನ ಕೂಡ ಕೈಲಾಸ ಸೇರಿದವು. ಈಗ ಅಲ್ಲಿ ಹಸಿರಾಗಿರುವುದೆಲ್ಲ ಹೆಂಡತಿ ಸುಮತಿಯ ಕೈಗುಣ. ಇಂಥ ನಾನು ಈಚೆಗೆ ಒಬ್ಬರಿಗೆ ತೋಟ ಮಾಡಿಕೊಟ್ಟೆ. ತೋಟ ನಮ್ಮ ಊಟದ ಮೇಜಿನಷ್ಟು ದೊಡ್ಡ ಪೆಟ್ಟಿಗೆಯೊಳಗಿದೆ. ಅದರ ಯಜಮಾನರು ಒಂದು ಗೇಣಿಗೂ ಕಡಿಮೆ.

ಯಜಮಾನರೆಂದರೆ ಆಮೆ. ಮಗಳು ಅನ್ವಿತಾಳ ಗೆಳತಿಯ ಮನೆಯವರು ದುಬೈಗೆ ಹೊರಟಾಗ ಅದನ್ನು ನಮಗೆ ಒಪ್ಪಿಸಿದರು. ನಮ್ಮ ದೇಶದ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಂಡರೆ ಹಿಂದೆಯೇ ಕಾನೂನೂ ಮನೆಗೆ ಬರುತ್ತದೆ. ಇದು ದಕ್ಷಿಣ ಅಮೆರಿಕದ ಜಾತಿ, ಕಾಲ ಮೇಲೆ ಕೆಂಪು ಚುಕ್ಕೆಗಳಿವೆ, ಕಾಗದಪತ್ರ ನಮ್ಮ ಹೆಸರಿಗೆ ಆದ ಮೇಲೆಯೇ ಹೊಸ್ತಿಲು ದಾಟಿತು. ನಡಿಗೆಯ ಗತ್ತು ನೋಡಿ ಅನ್ವಿತಾ ಸೇಠ್ ಎಂದು ಹೆಸರಿಟ್ಟಳು.

ಮೊದಲ ಪ್ರಶ್ನೆ, ಕೆಳಗೆ ಏನು ಹಾಸುವುದು? ನಾನು ಹೊಯಿಗೆ, ಅಂದರೆ ಮರಳು ಎಂದೆ. ಕರಾವಳಿಯವನಿಗೆ ಆಮೆ ಎಂದರೆ ಕಣ್ಣ ಮುಂದೆ ಕಡಲೇ ಬರುವುದು. ಅನ್ವಿತಾ ಫೋನಿನಿಂದ ತಲೆ ಎತ್ತದೆ, "ಪಪ್ಪಾ, ವೋ ಸಮುಂದರ್‌ವಾಲಾ ಅಲಗ್ ಹೈ. ಇದು ಕಾಡಿಂದು. ರೇತಿ ತಿಂದ್ರೆ ಪೇಟ್ ಬ್ಲಾಕ್ ಆಗ್ತದೆ" ಎಂದಳು. ಬಡಗಿಯ ಅಂಗಡಿಯ ಮರದ ಹೊಟ್ಟಿಗೂ ಒಪ್ಪಿಗೆ ಸಿಗಲಿಲ್ಲ. ಕೆಲವು ಮರಗಳ ಘಾಟು ಅದರ ಉಸಿರಿಗೆ ಆಗದಂತೆ. ಕೊನೆಗೆ ತೆಂಗಿನ ನಾರಿನ ಪುಡಿ, ಗೊಬ್ಬರ ಸೇರದ ಮಣ್ಣು, ಮೇಲೆ ಒಂದಿಷ್ಟು ತರಗೆಲೆ ಎಂದು ತೀರ್ಮಾನವಾಯಿತು. ನಾರಿನ ಪುಡಿ ಇಟ್ಟಿಗೆಯ ಆಕಾರದಲ್ಲಿ ಪಾರ್ಸೆಲ್ ಬಂತು. ಸುಮತಿ ಅದನ್ನು ಮೂಸಿ ನೋಡಿ, "ಊರಲ್ಲಿ ಇದನ್ನು ಬಚ್ಚಲ ಒಲೆಗೆ ಹಾಕ್ತೇವಲ್ಲ ಮಾರಾಯ್ರೆ. ದುಡ್ಡು ಕೊಟ್ಟು ತಂದದ್ದು ಅಂತ ಅಲ್ಲಿ ಯಾರಿಗೂ ಹೇಳ್ಬೇಡಿ" ಎಂದಳು. ನೀರು ಹಾಕಿದ್ದೇ ತಡ, ಆ ಇಟ್ಟಿಗೆ ಉಬ್ಬಿ ಉಬ್ಬಿ ಬಕೆಟ್ ತುಂಬಿ ಬಚ್ಚಲಿಗೆಲ್ಲ ಹರಡಿತು. ಹಿಟ್ಟು ಹುದುಗಿ ಪಾತ್ರೆಯಿಂದ ಹೊರಬರುವುದನ್ನು ನೋಡಿ ಬೆಳೆದವರು ನಾವು, ಗಾಬರಿಯಾಗಲಿಲ್ಲ.

ಗಿಡಗಳ ಸರದಿ ಬಂದಾಗ ಮಾತ್ರ ಗಾಬರಿಯಾಯಿತು. ನಾವು ಇಷ್ಟು ವರ್ಷ ವಿಷದ ನಡುವೆ ಸುಖವಾಗಿ ಸಂಸಾರ ಮಾಡುತ್ತಿದ್ದೆವು ಎಂದು ಆಗ ಗೊತ್ತಾಯಿತು. ಸಂಪತ್ತು ಬರಲಿ ಎಂದು ಕಿಟಕಿಗೆ ಹಬ್ಬಿಸಿದ ಮನಿ ಪ್ಲಾಂಟ್ ಆಮೆಯ ಬಾಯಿಗೆ ಕೂಡದು. ಲಿಫ್ಟಿನ ಪಕ್ಕ ಸೊಸೈಟಿಯವರು ಇಟ್ಟಿರುವ ಬಿಳಿ ಮಚ್ಚೆಯ ಅಗಲ ಎಲೆಯ ಗಿಡವೂ ಕೂಡದು. ಬಿಲ್ಡಿಂಗಿನ ಗೇಟಿನ ಬಳಿ ಬೆಳೆದಿರುವ ಕಣಗಿಲೆಯಂತೂ ಎಲೆ, ಹೂವು, ಕಡ್ಡಿ ಸಮೇತ ವಿಷ. ಸುಮತಿಗೆ ಇದನ್ನು ಸಹಿಸಲಾಗಲಿಲ್ಲ. "ದಿನಾ ದೇವರ ತಲೆಗೆ ಇಡುವ ಹೂವು ಆಮೆಗೆ ಆಗುದಿಲ್ವಾ? ಅದು ಕೂಡ ವಿಷ್ಣುವಿನ ಅವತಾರವೇ ಅಲ್ವಾ?" ಎಂದು ಕೇಳಿದಳು. ನಾನು ಸಮುದ್ರಮಥನದ ಕತೆಯನ್ನು ನೆನಪಿಸಿದೆ. ಆಮೆ ಒಪ್ಪಿಕೊಂಡದ್ದು ಬೆಟ್ಟ ಹೊರುವ ಕೆಲಸ ಮಾತ್ರ. ವಿಷ ಕುಡಿಯುವ ಖಾತೆ ಶಿವನದ್ದು. ಅವರವರ ಖಾತೆ ಅವರವರು ನೋಡಿಕೊಂಡದ್ದರಿಂದಲೇ ಅಮೃತ ಬಂತು. ಸುಮತಿ ನಕ್ಕಳು, ಕಣಗಿಲೆ ದೇವರ ಕೋಣೆಯಲ್ಲೇ ಉಳಿಯಿತು.

ದಾಸವಾಳ, ಒಂದೆಲಗ, ಗೀರುಗೀರಾದ ಎಲೆಯ ಸ್ಪೈಡರ್ ಪ್ಲಾಂಟ್ ಪರೀಕ್ಷೆಯಲ್ಲಿ ಪಾಸಾದವು. ನರ್ಸರಿಯವರು ಔಷಧಿ ಸಿಂಪಡಿಸಿರುತ್ತಾರೆಂದು ಎಲೆಗಳನ್ನು ತೊಳೆದು, ಬೇರಿನ ಮಣ್ಣು ಕೊಡವಿ, ಹೊಸ ಮಣ್ಣಿಗೆ ಹಾಕಿ, ಹೊಸ ಎಲೆ ಬರುವ ತನಕ ಬೇರೆಯಾಗಿ ಇಟ್ಟೆವು. ಆಮೇಲೆ ಸೇಠ್‌ರ ಗೃಹಪ್ರವೇಶ. ಪಕ್ಕದ ಮನೆಯ ಕಾಕಾ ಬಂದು, ಆಮೆಯ ಮುಖ ಉತ್ತರಕ್ಕೇ ಇರಬೇಕು, ವಾಸ್ತು ಎಂದರು. ಅವರ ಮನೆಯಲ್ಲಿರುವುದು ಹಿತ್ತಾಳೆಯ ಆಮೆ, ಹೇಳಿದ ಕಡೆ ನೋಡುತ್ತದೆ. ನಮ್ಮದು ಯಾವ ಕಡೆಗೂ ನೋಡಲಿಲ್ಲ. ಚಿಪ್ಪಿನೊಳಗೆ ಸೇರಿಕೊಂಡದ್ದು ಮುಖವನ್ನೇ ತೋರಿಸಲಿಲ್ಲ.

ಊಟವನ್ನೂ ಮಾಡಲಿಲ್ಲ. ಒಂದು ದಿನ ಮುನಿಸು ಎಂದುಕೊಂಡೆವು. ದಿನಗಳು ಕಳೆದರೂ ಒಂದೆಲಗದ ಒಂದು ಎಲೆಗೂ ಹಲ್ಲು ತಾಗಲಿಲ್ಲ. ಆಮೆಗೆ ಹಲ್ಲಿಲ್ಲ ಎಂಬುದು ಬೇರೆ ಮಾತು. ಪ್ರಾಣಿಗಳ ಡಾಕ್ಟರು ಮನೆಗೆ ಬಂದು ನೋಡಿ, ಶಾಖ, ದೀಪ, ತೇವ ಎಲ್ಲ ಸರಿ ಇದೆ, ಜಾಗ ಬದಲಾದ ಹೆದರಿಕೆ ಇರಬಹುದು, ಆದರೆ ಮರಿ ಇನ್ನೂ ಚಿಕ್ಕದು, ಸೋಮವಾರದೊಳಗೆ ತಿನ್ನದಿದ್ದರೆ ತನ್ನಿ, ಗಂಟಲಿಗೆ ನಳಿಗೆ ಹಾಕಿ ಉಣಿಸಬೇಕಾದೀತು ಎಂದರು. ಆ ರಾತ್ರಿ ಅನ್ವಿತಾ ತನ್ನ ತಟ್ಟೆಯನ್ನೂ ಸರಿಸಿಬಿಟ್ಟಳು. ನನಗೆ ಇನ್ನೊಂದು ಸಂಕಟ. ವಡಾಲ ಸ್ಟೇಷನ್ನಿನ ಹತ್ತಿರ ಹೋಟೆಲ್ ನಡೆಸುವವನು ನಾನು. ಊರಿಗೆಲ್ಲ ಇಡ್ಲಿ ತಿನ್ನಿಸುವವನ ಮನೆಯಲ್ಲಿ ಒಂದು ಜೀವ ಉಪವಾಸ ಇದೆ ಎಂದರೆ ಗಲ್ಲಾದಲ್ಲಿ ಕೂರಲು ನಾಚಿಕೆಯಾಗುತ್ತಿತ್ತು.

ಆಮೇಲೆ ನಾವು ಮಾಡಿದ್ದು ಒಂದೇ ಕೆಲಸ, ಕಾವಲು. ಪೆಟ್ಟಿಗೆಯ ಸುತ್ತ ಸ್ಟೂಲ್ ಹಾಕಿ ಮೂವರೂ ಕೂರುವುದು. ದಾಸವಾಳದ ಹೂವನ್ನು ಅದರ ಮೂಗಿನ ಹತ್ತಿರ ತಳ್ಳುವುದು, ಬಾಯಿ ತೆರೆಯಿತೇ ಎಂದು ಬಗ್ಗಿ ನೋಡುವುದು.

ಭಾನುವಾರ ನಾನು ಹೋಟೆಲಿನಿಂದ ಬಾಳೆಲೆ ತಂದಿದ್ದೆ. ಸುಮತಿ ಒಂದು ಕುಡಿಯನ್ನು ಕತ್ತರಿಸಿ ತೊಳೆದು ಪೆಟ್ಟಿಗೆಯೊಳಗೆ ಹಾಸಿದಳು. ಅದರ ಮೇಲೆ ದಾಸವಾಳ, ಒಂದೆಲಗ, ಪಪಾಯಿಯ ಒಂದು ಹೋಳು ಬಡಿಸಿ ನಮ್ಮ ಕಡೆ ತಿರುಗಿದಳು.

"ಇನ್ನು ಆಚೆ ತಿರುಗಿ ಕೂತ್ಕೊಳ್ಳಿ. ಉಣ್ಣುವವರ ಬಾಯಿ ನೋಡಿದ್ರೆ ದೃಷ್ಟಿ ಆಗ್ತದೆ ಅಂತ ಚಿಕ್ಕಂದಿನಲ್ಲಿ ಎಷ್ಟು ಸಲ ಬೈಸಿಕೊಂಡಿಲ್ಲ ನಾವು?"

"ಮಮ್ಮಿ, ದೃಷ್ಟಿ ಮತ್ಲಬ್?" ಎಂದು ಅನ್ವಿತಾ ಕೇಳಿದಳು.

"ನಿನ್ನ ಎದುರು ಮೂರು ರಾಕ್ಷಸರು ಕೂತು ಬಾಯಿ ನೋಡಿದ್ರೆ ನಿಂಗೆ ಅನ್ನ ಇಳೀತದಾ? ಅದೇ."

ನನ್ನ ಕಿವಿ ಬಿಸಿಯಾಯಿತು. ಹೋಟೆಲಿಗೆ ಹೊಸ ಮಾಣಿ ಬಂದರೆ ನಾನು ಮೊದಲು ಹೇಳುವ ಮಾತು, ಬಡಿಸಿ ಆಚೆ ಸರಿ, ಗಿರಾಕಿಯ ತಲೆಯ ಮೇಲೆ ನಿಲ್ಲಬೇಡ ಎಂದೇ. ಬೀದಿಯಲ್ಲಿ ಹೋಗುವವರಿಗೆ ತೋರಿಸಿದ ಆ ಮರ್ಯಾದೆ ಮನೆಗೆ ಬಂದವರಿಗೆ ತೋರಿಸಲು ಮರೆತೆ. ಪ್ರೀತಿ ಹೆಚ್ಚಾದಾಗ ಹೀಗೇ ಆಗುತ್ತದೋ ಏನೋ.

ಮೂವರೂ ಬೆನ್ನು ತಿರುಗಿಸಿ, ಬಣ್ಣ ಬಿಟ್ಟ ಗೋಡೆಯನ್ನು ನೋಡುತ್ತ ಕೂತೆವು. ಕೆಳಗೆ ರಿಕ್ಷಾಗಳ ಸದ್ದು, ದೂರದಲ್ಲಿ ಮೆಟ್ರೋ. ಬಹಳ ಹೊತ್ತಾದ ಮೇಲೆ ತರಗೆಲೆ ಸರಿದ ಸಪ್ಪಳ. ಆಮೇಲೆ, ಯಾರೋ ಬಟ್ಟೆ ಹರಿದಂತೆ ಪರ್ರ್ ಎಂದಿತು. ಅನ್ವಿತಾಳ ಕೈ ಫೋನಿನ ಕಡೆಗೆ ಹೋಯಿತು. ಸುಮತಿ ಆ ಕೈಯನ್ನು ಹಿಡಿದುಕೊಂಡಳು. ಇನ್ನೊಂದು ಪರ್ರ್. ಮಗಳ ಕಣ್ಣಲ್ಲಿ ನೀರು ಬಂತು. ಅಷ್ಟು ರುಚಿಯಾದ ಸದ್ದನ್ನು ನನ್ನ ಹೋಟೆಲಿನಲ್ಲಿ ನಾನು ಕೇಳಿದ್ದಿಲ್ಲ.

ಸದ್ದು ನಿಂತ ಮೇಲೆ ತಿರುಗಿ ನೋಡಿದೆವು. ಪಪಾಯಿ ಇಟ್ಟಲ್ಲೇ ಇತ್ತು, ದಾಸವಾಳ ಅರಳಿಯೇ ಇತ್ತು. ಅಷ್ಟು ಶೋಧಿಸಿ, ತೊಳೆದು, ಕಾದು ನೆಟ್ಟ ಗಿಡಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸೇಠ್ ತಿಂದದ್ದು ಬಾಳೆಲೆಯನ್ನು. ಎಡಗಡೆಯ ಕುಡಿಯಿಂದ ಶುರುಮಾಡಿ, ಕ್ರಮ ತಪ್ಪದೆ, ಅಂಚನ್ನೆಲ್ಲ ಮುಗಿಸಿ, ತೆಂಗಿನ ನಾರಿನೊಳಗೆ ಅರ್ಧ ಹುಗಿದುಕೊಂಡು ಮಲಗಿತ್ತು.

"ಅಡಿಗೆ ಭಟ್ಟರ ಕೆಲಸ ಹೋಯ್ತು" ಎಂದಳು ಸುಮತಿ.

ಅನ್ವಿತಾ ಅಡಿಗೆಮನೆಗೆ ಹೋಗಿ ತಟ್ಟೆಗೆ ಅನ್ನ ಬಡಿಸಿಕೊಂಡು ಬಂದಳು. ಅಪ್ಪನಾದವನಿಗೆ ಮಗಳು ಉಣ್ಣುವುದನ್ನು ನೋಡುವ ಆಸೆ ಇರುತ್ತದೆ. ಆದರೂ ನಾನು ಎದ್ದು ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತ ನಿಂತೆ.