ಹೆಂಗಸರ ಮಂಚದ ಅಡ್ಡಕಂಬಿ

ಕಡ್ಡಿಗೆ ಆ ಹೆಸರು ಬಂದದ್ದು ಮೈಕಟ್ಟಿನಿಂದ. ಗಾಳಿ ಜೋರಾದರೆ ಕಂಬ ಹಿಡಿದುಕೊಳ್ಳೋ ಎಂದು ವರ್ಕ್‌ಶಾಪಿನ ಮಾಲೀಕರು ರೇಗಿಸುವರು, ಅವನೂ ನಗುವನು. ಸಂಬಳ ಕೊಡುವವರ ಹಾಸ್ಯ ಯಾವಾಗಲೂ ಒಂದು ಗುಲಗಂಜಿಯಷ್ಟು ಹೆಚ್ಚೇ ಚೆನ್ನಾಗಿರುತ್ತದೆ.

ಕಿಟಕಿ ಗ್ರಿಲ್ಲು, ಅಂಗಡಿ ಗೇಟು ಎಂದು ಬೆಸುಗೆ ಹಾಕಿಕೊಂಡಿದ್ದ ಆ ವರ್ಕ್‌ಶಾಪಿಗೆ ಇದ್ದಕ್ಕಿದ್ದಂತೆ ಮಂಚಗಳ ಆರ್ಡರು ಬಂತು. ಒಂದರ ಮೇಲೊಂದು ಕೂರುವ ಕಬ್ಬಿಣದ ಮಂಚಗಳು, ಲಾರಿಗಟ್ಟಲೆ. ಊರಾಚೆ ಏಳುತ್ತಿದ್ದ ಹೊಸ ಜೈಲಿಗಂತೆ. ಗಡಿ ದಾಟಿ ಕಳ್ಳದಾರಿಯಲ್ಲಿ ಬಂದವರಿಗೆ ಅಲ್ಲಿಯವರೆಗೆ ದಂಡ ಹಾಕಿ ವಾಪಸು ಅಟ್ಟುತ್ತಿದ್ದರು. ಬರಲಿದ್ದ ಕಾನೂನಿನಲ್ಲಿ ಮೊದಲ ಸಲಕ್ಕೇ ವರ್ಷಗಟ್ಟಲೆ ಸೆರೆ, ಮತ್ತೆ ದಾಟಿ ಬಂದರೆ ಅದರ ದುಪ್ಪಟ್ಟು, ಮನೆಯಲ್ಲಿ ಇಟ್ಟುಕೊಂಡವರಿಗೂ ಪಾಲು. ಅದಿನ್ನೂ ಚರ್ಚೆಯಲ್ಲೇ ಇತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇಲ್ಲಿ ಕಾನೂನು ಹುಟ್ಟುವ ಮುಂಚೆ ಮಂಚ.

ಕತೆಯಲ್ಲಾಗಿದ್ದರೆ ಕಡ್ಡಿ ಆ ಕ್ಷಣವೇ ವೆಲ್ಡಿಂಗ್ ಕನ್ನಡಕ ಕಿತ್ತೆಸೆದು ಹೊರಗೆ ನಡೆಯಬೇಕಿತ್ತು. ಅವನು ಕೇಳಿದ್ದು ಓಟಿ ಇದೆಯಾ ಅಂತ.

ಕಿತ್ತೆಸೆಯಲು ಕಾರಣವೇನೋ ಮನೆಯಲ್ಲೇ ಇತ್ತು. ಅವನ ಅತ್ತಿಗೆ ಹೊಳೆಯ ಆಚೆ ದಡದವಳು, ಅಂದರೆ ಬೇರೆ ದೇಶದವಳು. ಮದುವೆ ಮಾಡಿಕೊಂಡು ಕರೆತರಲು ಸರ್ಕಾರದ ಒಪ್ಪಿಗೆ ಬೇಕು. ಅರ್ಜಿ ಹಾಕಿದ ಲಾರಿ ಡ್ರೈವರ್ ಅಣ್ಣನಿಗೆ ಕಾಯುವ ಗುಣ ಟ್ರಾಫಿಕ್ ಸಿಗ್ನಲ್ಲಿನಲ್ಲೇ ಇರಲಿಲ್ಲ. ಹೊಳೆ ಮೊಣಕಾಲಿಗಿಳಿದ ಬೇಸಿಗೆಯಲ್ಲಿ ಅವಳು ಚಪ್ಪಲಿ ಕೈಲಿ ಹಿಡಿದು ನಡೆದುಬಂದಳು. ಸಾಕ್ಷಿಗೆ ಮೀನುಗಳಿದ್ದವು ಎಂದು ಅವಳೇ ನಗುವಳು. ಬಂದವಳು ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡಳು, ಕೇರಿಯ ಹೆಂಗಸರ ಅಳತೆಗಳನ್ನೆಲ್ಲ ಬಾಯಿಪಾಠ ಮಾಡಿದಳು. ನಿನಗೆ ಹೆಣ್ಣು ಹುಡುಕುವುದು ಆಮೇಲೆ, ಮೊದಲು ನಿನ್ನ ಮೂಳೆಗೊಂದಿಷ್ಟು ಮಾಂಸ ಹುಡುಕಬೇಕು ಎಂದು ಕಡ್ಡಿಯ ತಟ್ಟೆಗೆ ಇನ್ನೊಂದು ಸೌಟು ಸುರಿಯುವಳು. ಈಗ ಅವಳು ತುಂಬಿದ ಬಸುರಿ.

ಕಾನೂನಿನ ಸುದ್ದಿ ಬಂದಾಗಿನಿಂದ ಅಮ್ಮ ಸೊಸೆಯನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅವಳು ಎರಡು ಮಾತಾಡಿದರೆ ಸಾಕು, ಮೂರನೆಯದರಲ್ಲಿ ಆಚೆ ದಡ ಕೇಳಿಸುತ್ತಿತ್ತು. ಹೆರಿಗೆಗೆ ನಿನ್ನ ತವರಿಗೇ ಹೋಗಿಬಿಡಮ್ಮ, ಯಾರಿಗೂ ಅನುಮಾನ ಬರಲ್ಲ ಎಂದು ಅಮ್ಮ ಮೆತ್ತಗೆ ಹೇಳಿ ನೋಡಿದ್ದಳು. ಹೋಗುವುದೇನೋ ಸುಲಭ, ತಿರುಗಿ ಬಂದರೆ ಎರಡನೇ ಸಲ ಆಗುತ್ತಲ್ಲ ಅತ್ತೆ ಅಂದಿದ್ದಳು ಅವಳು. ಅಣ್ಣ ದೂರದ ಯಾವುದೋ ಹೆದ್ದಾರಿಯಿಂದ ಫೋನಿನಲ್ಲಿ, ನೋಡೋಣ ಅಂದ. ನೋಡೋಣ ಅನ್ನುವುದು ಅವರ ಮನೆತನದ ಆಸ್ತಿ.

ಇತ್ತ ಟೀ ಅಂಗಡಿಯಲ್ಲಿ ಯಾರಾದರೂ, ಆಚೆಯವರನ್ನು ಹಿಡಿದು ಒಳಗೆ ಹಾಕಬೇಕು ಕಣ್ರೀ ಅಂದರೆ ಎಲ್ಲರಿಗಿಂತ ಮೊದಲು ಆಡುತ್ತಿದ್ದದ್ದು ಕಡ್ಡಿಯ ತಲೆ. ಸಂಶಯ ಬರಬಾರದಲ್ಲ. ಇಷ್ಟು ತೆಳು ಕತ್ತಿನ ಮೇಲೆ ಇಷ್ಟು ಹೇಡಿತನ ಹೇಗೆ ನಿಲ್ಲುತ್ತದೋ ಎಂದು ಅವನಿಗೇ ಸೋಜಿಗ.

ಗಂಡಸರ ಮಂಚಗಳು ಮುಗಿದ ಮೇಲೆ ಹೆಂಗಸರ ಭಾಗದ ಡ್ರಾಯಿಂಗು ಬಂತು. ಅದರಲ್ಲಿ ಕೆಳಗಿನ ಮಂಚಕ್ಕೆ ಮಾತ್ರ ಒಂದು ಪಕ್ಕದಲ್ಲಿ ಗೇಣೆತ್ತರದ ಅಡ್ಡಕಂಬಿ. ಬರೆದವನು ತಪ್ಪಿದ್ದಾನೆ, ಮೇಲಿನಿಂದ ಬೀಳುವವರಿಗಲ್ಲವೇ ಕಂಬಿ ಬೇಕಾದದ್ದು ಎಂದುಕೊಂಡ ಕಡ್ಡಿ, ಜಾಣ ಅನ್ನಿಸಿಕೊಳ್ಳುವ ಆಸೆಯಿಂದ ಡ್ರಾಯಿಂಗು ಹಿಡಿದು ಮಾಲೀಕರ ಹತ್ತಿರ ಹೋದ. ಅವರು ಫೋನಿನಿಂದ ಕಣ್ಣೆತ್ತಲಿಲ್ಲ.

"ಅದು ಇರಲಿ ಕಣೋ. ಮಗು ಉರುಳಿ ಬೀಳಬಾರದಲ್ಲ."

ಅವತ್ತು ಓಟಿ ಬೇಡವೆಂದು ಕಡ್ಡಿ ನೇರ ಮನೆಗೆ ಬಂದ. ಅತ್ತಿಗೆ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಮಂಚದ ವಿಷಯ ಅಲ್ಲಿಯವರೆಗೆ ಮನೆಯಲ್ಲಿ ಹೇಳಿರಲಿಲ್ಲ, ಗೇಟಿನ ಕೆಲಸ ಅಂದಿದ್ದ. ಈಗ ಎಲ್ಲ ಹೇಳಿದ, ಅಡ್ಡಕಂಬಿಯವರೆಗೂ.

"ಈ ಭಾನುವಾರವೇ ಹೊರಟುಬಿಡಿ ಅತ್ತಿಗೆ. ನಾನೇ ದಡದವರೆಗೂ ಬರ್ತೀನಿ."

"ಆಮೇಲೆ?"

"ಆಮೇಲೆ ಅಣ್ಣ ಬರ್ತಾನೆ ಅಲ್ಲಿಗೆ."

"ನಿಮ್ಮಣ್ಣ ಆ ದಡ ಹತ್ತಿದರೆ ಅಲ್ಲಿ ಅವರೇ ಕಳ್ಳ ಕಣೋ. ನಮ್ಮ ಕಡೆ ಜೈಲಿಲ್ಲ ಅಂದ್ಕೊಂಡ್ಯಾ?"

ಅವಳು ದಾರ ಕಚ್ಚಿ ತುಂಡು ಮಾಡಿದಳು. ಸ್ವಲ್ಪ ಹೊತ್ತು ಅಂಗಿಯ ಗುಂಡಿಯನ್ನೇ ಹಾಕಿ ತೆಗೆದು ನೋಡಿದಳು. ಆಮೇಲೆ ಇನ್ನೊಂದು ಪಕ್ಕಕ್ಕೆ ಕಂಬಿ ಇಲ್ಲವಾ ಎಂದು ಕೇಳಿದಳು. ಆ ಕಡೆ ಗೋಡೆ ಇರುತ್ತೆ ಅಂದ ಕಡ್ಡಿ.

"ಸರಿ. ಹೋದರೆ ಈ ಮಗು ಅಪ್ಪನ ಮುಖ ನೋಡಲ್ಲ. ಇಲ್ಲಿದ್ದು ಸಿಕ್ಕಿಬಿದ್ದರೂ ಬಾಗಿಲಾಚೆ ನೀವೆಲ್ಲ ಇರ್ತೀರ. ನಾನು ಎಲ್ಲೂ ಹೋಗಲ್ಲ. ನೀನು ಕಂಬಿ ಗಟ್ಟಿಯಾಗಿ ಬೆಸೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಇಟ್ಟುಕೊಂಡವರಿಗೂ ಶಿಕ್ಷೆ ಅನ್ನುವುದು ಅಮ್ಮನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಟೀವಿಯ ಸುದ್ದಿಯನ್ನು ದಿನವೂ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದವಳು ಅವಳೇ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಮೇಲಿನ ಮಂಚ ನಂಗಿರಲಿ. ಹತ್ತೋಕೆ ಮೊಣಕಾಲೇ ಇಲ್ಲ, ಒಂದು ಏಣಿ ಮಾಡಿಡು ಮಗ."

ಅತ್ತಿಗೆ ಅತ್ತೆಯ ಕಡೆ ನೋಡದೆ ಮತ್ತೊಂದು ಅಂಗಿ ಎಳೆದುಕೊಂಡಳು. ಅವಳ ಸೂಜಿಗೆ ದಾರ ಹೋಗಲಿಲ್ಲ, ಕಡ್ಡಿಯೇ ಪೋಣಿಸಿಕೊಟ್ಟ.

ಮರುದಿನ ಅವನು ಎಂದಿನಂತೆ ಕೆಲಸಕ್ಕೆ ಹೋದ. ಹೆಂಗಸರ ಮಂಚಗಳಿಗೆ ಅಡ್ಡಕಂಬಿ ಬೆಸೆದ. ಬೆಸೆದ ಕಡೆ ಕಬ್ಬಿಣ ಮುಳ್ಳಿನಂತೆ ಎದ್ದಿರುತ್ತದೆ. ಜೈಲಿನ ಕೆಲಸಕ್ಕೆ ಗ್ರೈಂಡರ್ ಒಮ್ಮೆ ಸವರಿದರೆ ಸಾಕೆಂದು ಮಾಲೀಕರ ಅಪ್ಪಣೆ. ಕಡ್ಡಿ ಅರ ಹಿಡಿದು ಕೂತು ಉಜ್ಜತೊಡಗಿದ. ಬೆರಳಾಡಿಸಿ ನೋಡುವನು, ಮತ್ತೆ ಉಜ್ಜುವನು. ಲೇ, ಇದೇನು ಮದುವೆ ಮಂಚವೇನೋ ಎಂದು ಮಾಲೀಕರು ದೂರದಿಂದಲೇ ಕೂಗಿದರು. ಅವನು ಹಲ್ಲು ಬಿಟ್ಟ, ಆ ಕಲೆಯೊಂದು ಅವನಿಗೆ ಸಿದ್ಧಿಸಿತ್ತು. ಒಂದು ಮಂಚ ಮುಗಿಸಿ ಪಕ್ಕದ್ದನ್ನು ಎಳೆದುಕೊಂಡ, ಅದರ ಪಕ್ಕದ್ದನ್ನೂ. ಅತ್ತಿಗೆಯದು ಯಾವುದು ಅಂತ ಗೊತ್ತಿಲ್ಲವಲ್ಲ.