ಕಾಕಿ ನೀರು ಕುಡಿದದ್ದು

ಪುಂಡಿಪಲ್ಯದ ಹುಳಿವಾಸನೆ, ಹಸಿ ಗೋಣಿತಟ್ಟಿನ ವಾಸನೆ… ಮೊನ್ನೆ ನಮ್ಮ ಸುರಪುರದ ರಂಗಂಪೇಟೆಯಲ್ಲಿ ಅವೆರಡೂ ಒಟ್ಟಿಗೆ ಮೂಗಿಗೆ ಬಡಿದವು. ಚೀಲ ಹಿಡಿದು ಸುಮ್ಮನೆ ನಿಂತುಬಿಟ್ಟೆ. ನಮ್ಮ ಓಣಿಯ ಕಾಕಿ ನೆನಪಾದಳು.

ಕಾಕಿ ಅಲ್ಲೇ ರಸ್ತೆ ಬದಿಗೆ ಕುಳಿತು ಪಲ್ಯ ಮಾರುತ್ತಿದ್ದಳು. ಬಾಯಿ ಬಲು ಜೋರು. ಸೊಪ್ಪಿನ ಸಿವುಡು ಎತ್ತಿ ಎತ್ತಿ ನೋಡಿ ಇಟ್ಟವರಿಗೆ, "ಪಲ್ಯ ತಗೊಳಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?" ಎನ್ನುತ್ತಿದ್ದಳು. ದಿನವಿಡೀ ಪಲ್ಯಕ್ಕೆ ನೀರು ಚಿಮುಕಿಸುವವಳು ತಾನು ಮಾತ್ರ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳು. "ಕುಡದ್ರ ಎಲ್ಲಿಗೆ ಎದ್ದು ಹೋಗ್ಲೆವ್ವಾ? ಗಂಡಸರಿಗೆ ಗ್ವಾಡಿ ಐತಿ. ನಮಗೇನೈತಿ?"

ಮುಟ್ಟು ನಿಂತು ವರ್ಷಗಳಾದ ಮೇಲೆ ಆಕೆಗೆ ಮತ್ತೆ ರಕ್ತ ಕಾಣಿಸಿತು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದರು. ಕಲಬುರಗಿಯಲ್ಲಿ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಬೇಕು. ಅಲ್ಲಿ ಉಳಿಯಲು ಆಕೆಗೆ ಯಾರೂ ಇಲ್ಲ, ದಿನಾ ಬಸ್ಸೇ ಗತಿ. ನಾನು ಕಲಿಸುವ ಶಾಲೆಗೆ ಬೇಸಿಗೆ ರಜೆ ಇತ್ತು, ಜೊತೆಗೆ ಹೋದೆ. ಯಂತ್ರದ ಕೆಳಗೆ ಮಲಗುವ ಮುಂಚೆ ಹೊಟ್ಟೆ ತುಂಬ ನೀರು ಕುಡಿದು ತಡೆದುಕೊಂಡಿರಬೇಕು ಎಂದು ನರ್ಸ್ ಹೇಳಿದಾಗ ಕಾಕಿ ನಕ್ಕುಬಿಟ್ಟಳು.

"ಜೀವಮಾನ ಎಲ್ಲಾ ತಡಕೊಂಡೇ ಬಂದೀನ್ರಿ ಅಕ್ಕಾರ. ಅದನ್ನೇನ ಕಲಸ್ತೀರಿ ನನಗ?"

ಕೆಲವು ವಾರಗಳಲ್ಲಿ ಆ ನಗು ಹೋಯಿತು. ಕರೆಂಟಿನ ಕಾವಿಗೆ, ಮೂತ್ರಕ್ಕೆ ಕುಳಿತರೆ ಬೆಂಕಿ ಉರಿ. ತಡೆದುಕೊಳ್ಳಲು ಆಗುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಮರಳಿ ಬರುವಾಗ, ಬಸ್ಸು ಜೇವರ್ಗಿ ದಾಟಿದ ಮೇಲೆ, ಕಾಕಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಕಂಡಕ್ಟರ್ ಒಳ್ಳೆಯವನೇ, ಹೇಳಿದ ಕೂಡಲೇ ನಿಲ್ಲಿಸಿದ. ಆದರೆ ಸುತ್ತ ಬೋಳು ಹೊಲ, ಒಂದು ಜಾಲಿಗಿಡವೂ ಇಲ್ಲ. ಕಿಟಕಿ ತುಂಬ ಮುಖಗಳು. ಕಾಕಿ ಇಳಿದು ಅತ್ತಿತ್ತ ನೋಡಿ ಹಾಗೆಯೇ ಮೇಲೆ ಹತ್ತಿದಳು. ಶಹಾಪುರ ಬರುವಷ್ಟರಲ್ಲಿ ಸೀರೆ ತೊಯ್ದಿತ್ತು… ಪಕ್ಕದವನು ಮೂಗು ಮುಚ್ಚಿಕೊಂಡ. ಅವನ ಮೂಗು ಹಿಂಡಬೇಕು ಅನ್ನಿಸಿತು. ಸುರಪುರದ ತನಕ ಕಾಕಿ ನಿಂತೇ ಬಂದಳು.

ಮರುದಿನ ಕದ ತೆರೆಯಲಿಲ್ಲ. "ನಾ ಬರಾಂಗಿಲ್ಲವ್ವಾ. ಮಾನ ಹೋದಮ್ಯಾಲ ಜೀವ ಯಾತಕ್ಕ?"

"ಇನ್ನ ಸ್ವಲ್ಪ ದಿನ ಉಳದಾವ ಕಾಕಿ," ಅಂದೆ. ಕೈ ಮುಗಿದೆ, ಬೈದೆ. ಆಕೆ ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆಕೆ ಹಾಸಿಗೆ ಹಿಡಿದಳು. ಮೂತ್ರಕ್ಕೆ ನಳಿಗೆ ಹಾಕಿದ್ದರು. ನೋಡಲು ಹೋದಾಗ ತಂಬಿಗೆ ಕೇಳಿ ಗಟಗಟ ಕುಡಿದಳು. "ಇನ್ನೊಂದೀಟು ಕೊಡವ್ವಾ. ಈಗ ಎದ್ದು ಹೋಗೋ ತ್ರಾಸ ಇಲ್ಲ ನೋಡು." ಕಾಕಿ ಮನಸಾರೆ ನೀರು ಕುಡಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ರೋಗ ತಿಂದಿತು ಎನ್ನುತ್ತಾರೆ ಓಣಿಯವರು. ನನಗೆ ಈಗಲೂ ಸಿಟ್ಟು ಬರುತ್ತದೆ. ಆ ದಾರಿಯಲ್ಲಿ ಒಬ್ಬ ಹೆಂಗಸು ಕೂರುವಷ್ಟು ಮರೆ ಇದ್ದಿದ್ದರೆ ಕಾಕಿ ಉಳಿಯುತ್ತಿದ್ದಳೇನೋ… ಆ ಮರೆ ಇವತ್ತಿಗೂ ಇಲ್ಲ.