ಸೋಸಾಕುವಿನ ತಡದ ಚೀಟಿ

ಕುಮಗಾಯ್ ಸೋಸಾಕು ನೆಮುಸಾವಾ ಕಣಿವೆಯಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದ. ಅಷ್ಟೂ ವರ್ಷದಲ್ಲಿ ಒಂದು ದಿನವೂ, ಒಂದು ನಿಮಿಷವೂ ತಡ ಮಾಡಿದವನಲ್ಲ. ಕಣಿವೆಯ ಕಾಗೆಗಳು ಸೂರ್ಯನನ್ನು ನಂಬುವುದು ಬಿಟ್ಟು ಅವನ ಕೊನೆಯ ಬಸ್ಸಿನ ಸದ್ದಿಗೇ ಗೂಡು ಸೇರುತ್ತಿದ್ದವು. ಮದುವೆಯ ದಿನ ಸಾಕೆ ಮದ್ಯದ ಬಟ್ಟಲು ತುಟಿಗಿಡುವಾಗ ಅವನು ಒಮ್ಮೆ ಕೈಗಡಿಯಾರ ನೋಡಿದನೆಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಅದು ಸುಳ್ಳು. ಅವನು ನೋಡಿದ್ದು ಎರಡು ಸಲ.

ಬಸ್ಸು ತಡವಾದರೆ ಪ್ರಯಾಣಿಕರಿಗೆ ಕೊಡಲೆಂದು ಕಂಪನಿಯವರು ಅವನಿಗೊಂದು ಚೀಟಿ ಪುಸ್ತಕ ಕೊಟ್ಟಿದ್ದರು. ಇಷ್ಟು ನಿಮಿಷ ತಡವಾಯಿತು, ಕ್ಷಮಿಸಬೇಕು ಎಂದು ಬರೆದು ಮೊಹರು ಒತ್ತಿ ಕೊಡುವ ಚೀಟಿ. ಒಂದು ಹಾಳೆಯೂ ಹರಿಯದೆ ಆ ಪುಸ್ತಕ ಉಪ್ಪಿನಲ್ಲಿಟ್ಟ ಮೂಲಂಗಿಯಂತೆ ಹಳದಿಯಾಗಿತ್ತು. ನಿವೃತ್ತಿಗೆ ಇನ್ನು ನಾಲ್ಕು ದಿನ. ಪುಸ್ತಕವನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕು ಎನ್ನುವುದೊಂದೇ ಅವನ ಆಸೆ.

ಆ ದಿನ ಮಧ್ಯಾಹ್ನದ ಬಸ್ಸಿನಲ್ಲಿ ಹಸಿರು ಟೊಪ್ಪಿಗೆಯ ಹೊರದೇಶದ ಹೆಂಗಸೊಬ್ಬಳು ಬಂದಳು. ಕೊನೆಯ ನಿಲ್ದಾಣದಲ್ಲಿ ಇಳಿದಾಗ ಸೋಸಾಕು ವೇಳಾಪಟ್ಟಿಯ ಮೇಲೆ ಬೆರಳಿಟ್ಟು, ನಾಲ್ಕು ಗಂಟೆ ಹನ್ನೆರಡು ನಿಮಿಷದ್ದೇ ಕಡೆಯ ಬಸ್ಸು ಎಂದ. ಅವಳು "ಅರಿಗಾತೋ" ಎಂದು ಉಪಕಾರ ಸ್ಮರಿಸಿದಳು. ಇಲ್ಲಿ ಉಳಿದುಕೊಳ್ಳಲು ಛತ್ರವಿಲ್ಲ ಎಂದ. ಅರಿಗಾತೋ. ಸಂಜೆಗೆ ಹಿಮ ಬೀಳುತ್ತದೆ ಎಂದ. ಅದಕ್ಕೂ ಅರಿಗಾತೋ. ಅವಳ ಬಳಿ ಇದ್ದದ್ದು ಅದೊಂದೇ ಮಾತು. ಅದನ್ನೇ ಚಿಲ್ಲರೆಯಂತೆ ಎಲ್ಲ ಕಡೆ ಕೊಟ್ಟುಕೊಂಡು ಜಲಪಾತದ ದಾರಿ ಹಿಡಿದಳು.

ಸೋಸಾಕು ಆ ದಾರಿಯನ್ನೇ ನೋಡಿ ನೋಡಿ ಬಸ್ಸು ಹೊರಡಿಸಿದ. ಕೆಳಗಿನ ಪೇಟೆಗೆ ಹೋಗಿ ಮೂರೂವರೆಗೆ ಮರಳಿ ಬಂದರೆ ನಿಲ್ದಾಣದಲ್ಲಿ ಟೊಪ್ಪಿಗೆಯಿಲ್ಲ. ಇದ್ದದ್ದು ಇನೆ ಅಜ್ಜಿ ಮಾತ್ರ. ಅವಳದು ಪೇಟೆಯಲ್ಲಿ ಮನೆ, ಇಲ್ಲಿ ಹೊಲ, ದಿನಾ ಕಡೆಯ ಬಸ್ಸಿಗೆ ಕೆಳಗೆ ಮರಳುವವಳು. ಸೋಸಾಕು ಬಸ್ಸು ಹತ್ತಿದ, ಇಳಿದ, ಒರೆಸಿದ ಕನ್ನಡಿಯನ್ನೇ ಮೂರು ಸಲ ಒರೆಸಿದ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ತಡೆಯಲಾರದೆ ಎದುರಿನ ಗ್ರಾಮ ಕಚೇರಿಗೆ ಓಡಿದ.

ಗುಮಾಸ್ತೆ ಮಿನೆಕೊ ಧ್ವನಿವರ್ಧಕ ಹಚ್ಚಿದಳು. ಕರಡಿ ಕಂಡರೆ, ಮುದುಕರು ದಾರಿ ತಪ್ಪಿದರೆ ಕೂಗುವುದು ಅದರಲ್ಲೇ. ಹಸಿರು ಟೊಪ್ಪಿಗೆ ಧರಿಸಿದ ಗೌರವಾನ್ವಿತ ಅತಿಥಿಯವರು ನಾಲ್ಕು ಹನ್ನೆರಡಕ್ಕೆ ಬಸ್ಸಿಗೆ ದಯಮಾಡಿಸಬೇಕೆಂಬ ವಿನಂತಿ ಮೂರು ಬೆಟ್ಟಕ್ಕೆ ಬಡಿದು ಮರಳಿ ಬಂತು.

"ಯಾವ ಭಾಷೇಲಿ ಹೇಳ್ದೆ, ತಾಯಿ?" ಎಂದಳು ಹಿಂದೆಯೇ ಬಂದಿದ್ದ ಇನೆ ಅಜ್ಜಿ.

"ನಮ್ಮ ಭಾಷೇಲೇ," ಎಂದಳು ಮಿನೆಕೊ. "ಆದ್ರೆ ತುಂಬ ಮರ್ಯಾದೆಯಿಂದ ಹೇಳ್ದೆ."

ಒಬ್ಬಳನ್ನು ಬಿಟ್ಟು ಇಡೀ ಕಣಿವೆಗೆ ಅದು ಅರ್ಥವಾಯಿತು. ಅರ್ಥವಾಗದ ಆ ಒಬ್ಬಳು ಮಧ್ಯಾಹ್ನದ ಬೆರಳಿನ ಸನ್ನೆಯನ್ನು ಚೆನ್ನಾಗಿಯೇ ಅರಿತಿದ್ದಳು. ನಾಲ್ಕು ಆರಕ್ಕೆ ಸರಿಯಾಗಿ, ಗಡಿಯಾರ ನೋಡಿಕೊಳ್ಳುತ್ತ, ತಿರುವಿನಲ್ಲಿ ಕಾಣಿಸಿಕೊಂಡಳು. ನಿಲ್ದಾಣಕ್ಕೆ ಇನ್ನೂರು ಹೆಜ್ಜೆ, ನಡುವೆ ಹನ್ನೊಂದು ಮನೆ.

ಹನ್ನೊಂದೂ ಮನೆಯವರು ಗೌರವಾನ್ವಿತ ಅತಿಥಿಗಾಗಿ ಬಾಗಿಲಲ್ಲಿ ನಿಂತಿದ್ದರು. ಮೊದಲನೆಯವರು ಮೂಲಂಗಿ ಕೊಟ್ಟು ತಲೆಬಾಗಿದರು. ಅವಳೂ ಬಾಗಿದಳು. ಅವಳಿಗಿಂತ ಮೇಲೆ ನಿಲ್ಲುವುದುಂಟೇ? ಇವರು ಇನ್ನಷ್ಟು ಬಾಗಿದರು. ಅವಳು ಅದಕ್ಕಿಂತ ಕೆಳಗೆ ಹೋದಳು. ತೋಫು ಮಾಡುವವರ ಮನೆ ಮುಂದೆ ಬರುವಷ್ಟರಲ್ಲಿ ಎರಡೂ ಕಡೆಯವರ ಮೂಗಿಗೆ ನೆಲದ ಮಣ್ಣು ಹತ್ತಿತ್ತೆಂದು ನೋಡಿದವರು ಹೇಳುತ್ತಾರೆ.

ನಾಲ್ಕು ಹನ್ನೊಂದು. ಇನ್ನೂ ಆರು ಮನೆ ಬಾಕಿ. ಹಿಮದ ಮೊದಲ ಹನಿಗಳು ಗಾಜಿಗೆ ಅಂಟಿದವು.

"ಹೊರಡೋದಾದ್ರೆ ಹೊರಡಪ್ಪ," ಎಂದಳು ಇನೆ ಅಜ್ಜಿ ಹಿಂದಿನ ಸೀಟಿನಿಂದ. "ಆ ಹೆಂಗಸು ಈ ಚಳೀಲಿ ಎಲ್ಲಿ ಮಲಗ್ತಾಳೆ ಅಂತ ನಾನೇನೂ ಕೇಳಲ್ಲ."

"ಕೇಳ್ದಂಗೇ ಆಯ್ತಲ್ಲಜ್ಜಿ."

ಹನ್ನೆರಡಾಯಿತು. ಮೂವತ್ತೊಂದು ವರ್ಷದ ಅಭ್ಯಾಸಕ್ಕೆ ಅವನ ಕೈ ತಾನಾಗಿಯೇ ಬಾಗಿಲು ಮುಚ್ಚಿತು. ಸೋಸಾಕು ಆ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ. ಆಮೇಲೆ ಬಾಗಿಲು ತೆರೆದು, ಇಳಿದು, ಅವಳನ್ನು ಕರೆತರಲು ಓಡಿದ.

ಓಡಿದ ಎನ್ನುವುದಷ್ಟೇ. ಸಮವಸ್ತ್ರದ ಚಾಲಕ, ನಾಲ್ಕು ದಿನದಲ್ಲಿ ನಿವೃತ್ತನಾಗುವವನು, ಮನೆ ಮುಂದೆ ಬಂದರೆ ಸುಮ್ಮನೆ ಬಿಡುತ್ತಾರೆಯೇ? ಅವನಿಗೂ ಮೂಲಂಗಿ, ಅವನಿಗೂ ನಮಸ್ಕಾರ. ಇಬ್ಬರೂ ಬಾಗುತ್ತ, ಏಳುತ್ತ ಬಸ್ಸು ಮುಟ್ಟಿದಾಗ ನಾಲ್ಕು ಹತ್ತೊಂಬತ್ತು. ಕಾಗೆಗಳು ಇನ್ನೂ ತಂತಿಯ ಮೇಲೆ ಕೂತು ಒಂದರ ಮುಖ ಒಂದು ನೋಡುತ್ತಿದ್ದವು.

ಸೋಸಾಕು ಹಳದಿ ಪುಸ್ತಕ ತೆಗೆದ. ಏಳು ನಿಮಿಷ ಎಂದು ಬರೆದು, ಮೊಹರು ಒತ್ತಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಅವಳು ಅದನ್ನು ತಲೆಕೆಳಗಾಗಿ ಹಿಡಿದು ಓದಿ, ಅರಿಗಾತೋ ಎಂದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು.

"ನಂಗೂ ಒಂದು ಕೊಡು," ಎಂದಳು ಇನೆ ಅಜ್ಜಿ.

"ನಿಂಗ್ಯಾಕಜ್ಜಿ? ಮನೇಲಿ ಕೇಳೋರು ಯಾರಿದಾರೆ?"

"ಬೆಕ್ಕಿದೆ. ಅದು ಬಲು ಅನುಮಾನದ್ದು."

ಅವಳಿಗೂ ಬರೆದುಕೊಟ್ಟ. ದಾರಿಯುದ್ದಕ್ಕೂ ಯಾರೂ ಕಾಯದ ನಿಲ್ದಾಣ ಒಂದೊಂದರಲ್ಲೂ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಟೊಪ್ಪಿ ತೆಗೆದು, ಖಾಲಿ ಬೆಂಚಿಗೆ ತಲೆಬಾಗಿ ಕ್ಷಮೆ ಕೇಳಿದ. ಹಾಗಾಗಿ ಪೇಟೆ ಮುಟ್ಟುವಾಗ ತಡ ಹನ್ನೊಂದು ನಿಮಿಷವಾಗಿತ್ತು. ಇಬ್ಬರ ಚೀಟಿಯನ್ನೂ ಹಿಂದಕ್ಕೆ ಇಸಿದುಕೊಂಡು, ಏಳನ್ನು ಹೊಡೆದು ಹನ್ನೊಂದು ಮಾಡಿ, ಮತ್ತೆ ಮೊಹರು ಒತ್ತಿ ಕೊಟ್ಟ.

ಹಸಿರು ಟೊಪ್ಪಿಗೆ ರೈಲು ನಿಲ್ದಾಣದೊಳಗೆ ಮರೆಯಾಗುವವರೆಗೆ ನಿಂತು ನೋಡಿದ. ಆಮೇಲೆ ವೇಳೆ ಎಷ್ಟಾಯಿತೆಂದು ಕೈ ಎತ್ತಿದ. ಯಾವಾಗ ಎತ್ತಿಕೊಂಡನೋ, ಕೈಯಲ್ಲಿ ಮೂಲಂಗಿ ಇತ್ತು.